ಲಡ್ಲೊ: ಕೋಟೆ, ಸಂತೆ ಮತ್ತು ಗುಡಾರ

ಇಂಗ್ಲೆಂಡಿನ ಪಶ್ಚಿಮದಂಚಿನಲ್ಲಿ, ವೇಲ್ಸ್ ನಾಡಿಗೆ ತಾಗಿಕೊಂಡಿರುವ ಶ್ರಾಪ್‌ಷೈರ್ ಎಂಬ ಜಿಲ್ಲೆಯಿದೆ. ಅದರ ದಕ್ಷಿಣ ಭಾಗದ ಲಡ್ಲೊ ಒಂದು ಸಣ್ಣ ಸಂತೆಪಟ್ಟಣ. ಬೇಸಗೆ ಬಂತೆಂದರೆ ಇದರ ಸುತ್ತಲಿನ ಹುಲ್ಲುಗಾವಲುಗಳಲ್ಲಿ, ತೋಟದ ಮನೆಗಳ ಹಿತ್ತಲುಗಳಲ್ಲಿ, ಕಾಡಿನಂಚಿನ ಬಯಲುಗಳಲ್ಲಿ ಬಣ್ಣಬಣ್ಣದ ಗುಡಾರಗಳು ತಲೆಯೆತ್ತುತ್ತವೆ. ನಗರಗಳಿಂದ ಬಂದವರು ನಾಲ್ಕಾರು ದಿನ ಅಲ್ಲಿ ತಂಗಿ, ಹಗಲು ಕೋಟೆ, ಚರ್ಚು, ಸಂತೆಗಳನ್ನು ನೋಡಿ, ಇರುಳು ಗುಡಾರಕ್ಕೆ ಮರಳುತ್ತಾರೆ. ಮೇಲುನೋಟಕ್ಕೆ ಇದು ಕೇವಲ ವಿಹಾರ. ಆದರೆ ಈ ಊರಿನ ಚರಿತ್ರೆಯನ್ನು ಬಲ್ಲವರಿಗೆ ಕೋಟೆ, ಸಂತೆ, ಗುಡಾರ ಎಂಬ ಮೂರೂ ಒಂದೇ ಕಥೆಯ ಮೂರು ಅಧ್ಯಾಯಗಳು. ಅವುಗಳಲ್ಲಿ ಕೊನೆಯದಕ್ಕೆ ಶ್ರೀರಂಗಪಟ್ಟಣದ ನಂಟೂ ಇದೆ.

ಕನ್ನಡದ 'ಬೀಡು' ಎಂಬ ಪದವನ್ನು ಇಲ್ಲಿ ನೆನೆಯುವುದು ಉಚಿತ. ಸೇನೆ ಇಳಿದುಕೊಂಡ ತಾಣವೂ ಬೀಡು, ಅರಸನ ನೆಲೆಯೂ ಬೀಡು, ಸಾಮಾನ್ಯನ ವಾಸಸ್ಥಾನವೂ ಬೀಡು. ಶಾಸನಗಳ ನೆಲೆವೀಡು, ಹೊಯ್ಸಳರ ಹಳೇಬೀಡು ಈ ಅರ್ಥವಿಸ್ತಾರಕ್ಕೆ ಸಾಕ್ಷಿ. ತಾತ್ಕಾಲಿಕವಾದ ತಂಗುದಾಣ ಶಾಶ್ವತವಾದ ಊರಾಗುವ ಪ್ರಕ್ರಿಯೆಯನ್ನು ಈ ಒಂದೇ ಪದ ಹಿಡಿದಿಟ್ಟಿದೆ. ಇಂಗ್ಲೆಂಡಿನಲ್ಲಿಯೂ ಹಾಗೆಯೇ. ಚೆಸ್ಟರ್, ಲೆಸ್ಟರ್ ಮೊದಲಾದ ಊರಹೆಸರುಗಳ ಕೊನೆಯಲ್ಲಿ ರೋಮನ್ ಪಾಳೆಯವನ್ನು ಸೂಚಿಸುವ ಲ್ಯಾಟಿನ್ ಪದದ ಪಳೆಯುಳಿಕೆಯಿದೆ. ಲಡ್ಲೊ ರೋಮನ್ನರ ಊರಲ್ಲ. ಅದರ ಹೆಸರು ಹಳೆಯ ಇಂಗ್ಲಿಷಿನದು, ಮೊರೆಯುವ ನೀರಿನ ಬಳಿಯ ದಿಬ್ಬ ಎಂಬುದು ಅದರ ಅರ್ಥ. ದಿಬ್ಬದ ಕೆಳಗೆ ಟೀಮ್ ನದಿ ಇಂದಿಗೂ ಸಣ್ಣ ಅಣೆಕಟ್ಟೆಗಳ ಮೇಲೆ ಸದ್ದು ಮಾಡುತ್ತ ಹರಿಯುತ್ತಿದೆ. ಊರು ಮಾತ್ರ ಪಾಳೆಯದಿಂದಲೇ ಹುಟ್ಟಿತು. ಆ ಪಾಳೆಯ ನಾರ್ಮನ್ನರದು.

1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರಿಗೆ ವೇಲ್ಸ್‌ನ ಗಡಿ ತಲೆನೋವಾಗಿತ್ತು. 'ಮಾರ್ಚಸ್' ಎಂದು ಕರೆಯಲಾಗುವ ಈ ಗಡಿನಾಡಿನಲ್ಲಿ ಅವರು ಸಾಲುಸಾಲಾಗಿ ಕೋಟೆಗಳನ್ನು ಕಟ್ಟಿದರು. ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಲೇಸಿ ಮನೆತನದವರು ಟೀಮ್ ನದಿಯ ಮೇಲಣ ಬಂಡೆಯ ಮೇಲೆ ಕಟ್ಟಲಾರಂಭಿಸಿದ ಕೋಟೆಯೇ ಲಡ್ಲೊ. ಅದೇ ಕಾಲದ ಅನೇಕ ಕೋಟೆಗಳು ಮಣ್ಣುದಿಬ್ಬ ಮತ್ತು ಮರದ ಬೇಲಿಗಳಿಂದಾದವು. ಇದು ಮೊದಲಿನಿಂದಲೂ ಕಲ್ಲಿನದು. ಒಳಕೋಟೆಯಲ್ಲಿ ಹನ್ನೆರಡನೆಯ ಶತಮಾನದ ಒಂದು ಪ್ರಾರ್ಥನಾಮಂದಿರವಿದೆ. ಅದರ ನಡುಮನೆ ದುಂಡಗಿದೆ. ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚನ್ನು ನೆನಪಿಸುವ ಇಂಥ ವೃತ್ತಾಕಾರದ ಕಟ್ಟಡಗಳು ಇಂಗ್ಲೆಂಡಿನಲ್ಲಿ ಕೆಲವೇ ಉಳಿದಿವೆ. ಸೂರು ಹೋಗಿದೆ, ಗೋಡೆಯೊಳಗಿನ ಕಮಾನುಸಾಲು ಉಳಿದಿದೆ.

ಕೋಟೆಯಿದ್ದಲ್ಲಿ ಕಾಳು, ಉಪ್ಪು, ಚರ್ಮ, ಕಬ್ಬಿಣ ಬೇಕು. ಇವನ್ನು ತರುವವರು ಬೇಕು. ಹನ್ನೆರಡನೆಯ ಶತಮಾನದಲ್ಲಿ ಕೋಟೆಯ ಬಾಗಿಲಿನಿಂದ ಪೂರ್ವಕ್ಕೆ ಒಂದು ಅಗಲವಾದ ಸಂತೆಬೀದಿಯನ್ನು ಹಾಕಿ, ಅದಕ್ಕೆ ಅಡ್ಡವಾಗಿ ನದಿಯ ಕಡೆಗೆ ಇಳಿಯುವ ಬೀದಿಗಳನ್ನು ಬಿಟ್ಟು, ಉದ್ದುದ್ದನೆಯ ನಿವೇಶನಗಳನ್ನು ಹಂಚಲಾಯಿತು. ಬ್ರಾಡ್ ಸ್ಟ್ರೀಟ್, ಮಿಲ್ ಸ್ಟ್ರೀಟ್ ಎಂಬ ಬೀದಿಗಳು ಆ ಯೋಜನೆಯನ್ನು ಇಂದಿಗೂ ತೋರಿಸುತ್ತವೆ. ಸಂತೆಬೀದಿಯ ನಡುವೆ ವ್ಯಾಪಾರಿಗಳು ಹಾಕಿಕೊಂಡ ತಾತ್ಕಾಲಿಕ ಚಪ್ಪರಗಳು ಕಾಲಾಂತರದಲ್ಲಿ ಮರದ ಅಂಗಡಿಗಳಾದವು, ಅಂಗಡಿಗಳು ಮನೆಗಳಾದವು. ಅಗಲವಾದ ಬೀದಿ ಇಕ್ಕಟ್ಟಾದ ಓಣಿಗಳ ಸಾಲಾಗಿ ಒಡೆಯಿತು. ಪ್ರವಾಸಿಗಳು ಮುಗ್ಧವಾಗಿ ಮೆಚ್ಚುವ ಆ ಓಣಿಗಳು ಹೀಗೆ ಬೇರುಬಿಟ್ಟ ಚಪ್ಪರಗಳ ಸಂತತಿ. 1233ರಿಂದ ಊರಿಗೆ ಸುತ್ತುಗೋಡೆ ಬಂತು. ಅದರ ಮುಖ್ಯ ಬಾಗಿಲುಗಳಲ್ಲಿ ಈಗ ಉಳಿದಿರುವುದು ಬ್ರಾಡ್ ಗೇಟ್ ಒಂದೇ. ಅದರ ಮೇಲೆ ನಂತರದವರು ಮನೆ ಕಟ್ಟಿಕೊಂಡಿದ್ದಾರೆ. ಕೆಳಗೆ ಮಧ್ಯಯುಗದ ಕಮಾನಿನಲ್ಲಿ ಕಾರುಗಳು ಹಾಯ್ದುಹೋಗುತ್ತವೆ.

ಈ ಸಂತೆಯ ಬೆನ್ನೆಲುಬು ಉಣ್ಣೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಅತ್ಯಂತ ಸಿರಿವಂತ ಉಣ್ಣೆವರ್ತಕರಲ್ಲಿ ಒಬ್ಬನಾಗಿದ್ದ ಲಾರೆನ್ಸ್ ಇದೇ ಊರಿನವನು. ಅರಸನಿಗೆ ಸಾಲ ಕೊಡುವಷ್ಟು ದೊಡ್ಡವನಾಗಿದ್ದ ಅವನು ಲಡ್ಲೊದ ವಾಯವ್ಯಕ್ಕೆ ಕೆಲವೇ ಮೈಲಿಗಳ ದೂರದ ಸ್ಟೋಕ್‌ಸೆಯಲ್ಲಿ ಒಂದು ಮನೆ ಕಟ್ಟಿಸಿದನು. 1291ರಲ್ಲಿ ಅದಕ್ಕೆ ತೆನೆಗೋಡೆ ಕಟ್ಟಲು ರಾಜನಿಂದ ಅಪ್ಪಣೆ ಪಡೆದನು. 1294ರಲ್ಲಿ ಉಣ್ಣೆಯ ಹಡಗುಗಳೊಡನೆ ಹೊರಟಾಗ ಕಡಲಿನಲ್ಲಿ ಮುಳುಗಿ ಸತ್ತನು. ಸ್ಟೋಕ್‌ಸೆಯ ವಿಶಾಲವಾದ ಸಭಾಂಗಣ, ಅದರ ಮರದ ಮಾಡು, ಅಂಗಳದ ಹುಲ್ಲು ಎಲ್ಲವೂ ಇಂದು ಬಹುಮಟ್ಟಿಗೆ ಹಾಗೆಯೇ ಇವೆ. ಕೋಟೆಯ ವೇಷ ತೊಟ್ಟ ಈ ವರ್ತಕನ ಮನೆಯ ಮುಂದೆ ನಿಂತವರಿಗೆ, ಕತ್ತಿ ಹಿಡಿದವನ ಗೌರವವನ್ನು ತಕ್ಕಡಿ ಹಿಡಿದವನು ಬಯಸತೊಡಗಿದ ಕಾಲ ಕಣ್ಣಿಗೆ ಕಟ್ಟುತ್ತದೆ.

ವರ್ತಕರ ಸಂಪತ್ತು ಊರಿನ ಸೇಂಟ್ ಲಾರೆನ್ಸ್ ಚರ್ಚಿನಲ್ಲಿಯೂ ಕಾಣುತ್ತದೆ. ಸುಮಾರು 135 ಅಡಿ ಎತ್ತರದ ಅದರ ಗೋಪುರ ಸುತ್ತಲಿನ ಬಯಲಿಗೆಲ್ಲ ದಿಕ್ಸೂಚಿ. ಇದರ ಹಿಂದೆ ಇದ್ದುದು 'ಪಾಮರ್ಸ್' ಎಂಬ ಧಾರ್ಮಿಕ ಸಂಘ. ಪಾಮರ್ ಎಂದರೆ ಪವಿತ್ರಭೂಮಿಗೆ ಯಾತ್ರೆ ಮಾಡಿ ತಾಳೆಗರಿ ತಂದವನು. ಕನ್ನಡದ ಪಾಮರನಿಗೂ ಅವನಿಗೂ ಸಂಬಂಧವಿಲ್ಲ. ಲಡ್ಲೊದ ಯಾತ್ರಿಕರು ಎಡ್ವರ್ಡ್ ಎಂಬ ಸಂತರಾಜನ ಉಂಗುರವನ್ನು ಮರಳಿ ತಂದುಕೊಟ್ಟರೆಂಬ ಐತಿಹ್ಯ ಅಲ್ಲಿನ ಒಂದು ಬಣ್ಣದ ಗಾಜಿನ ಕಿಟಕಿಯಲ್ಲಿ ಚಿತ್ರಿತವಾಗಿದೆ. ಗಾಯಕರು ದೀರ್ಘ ಪ್ರಾರ್ಥನೆಯ ಕಾಲದಲ್ಲಿ ನಿಂತೇ ಒರಗಿಕೊಳ್ಳಲು ಮಾಡಿದ ಮಡಚುಪೀಠಗಳು 28 ಇವೆ. ಅವುಗಳ ಕೆಳಮೈಯಲ್ಲಿ ಕೆತ್ತನೆಗಳಿವೆ. ಒಂದರಲ್ಲಿ ಅಳತೆಯಲ್ಲಿ ಮೋಸ ಮಾಡಿದ ಮದ್ಯ ಮಾರುವವಳನ್ನು ಪಿಶಾಚಿಯೊಂದು ನರಕಕ್ಕೆ ಹೊತ್ತೊಯ್ಯುತ್ತಿದೆ; ಅವಳ ಕೈಯಲ್ಲಿ ಆ ಕಳ್ಳ ಅಳತೆಯ ಪಾತ್ರೆ ಇನ್ನೂ ಇದೆ. ಸಂತೆಯ ಊರಿನಲ್ಲಿ ಧರ್ಮೋಪದೇಶ ಎಲ್ಲಿಂದ ಆರಂಭವಾಗಬೇಕೆಂಬುದು ಆ ಬಡಗಿಗೆ ಚೆನ್ನಾಗಿ ತಿಳಿದಿತ್ತು.

ಹದಿನೈದನೆಯ ಶತಮಾನದಲ್ಲಿ ಲಡ್ಲೊ ರಾಜಕಾರಣದ ಕೇಂದ್ರವಾಯಿತು. 1461ರಲ್ಲಿ ಕೋಟೆಯ ಒಡೆಯನಾಗಿದ್ದ ಎಡ್ವರ್ಡನೇ ನಾಲ್ಕನೆಯ ಎಡ್ವರ್ಡ್ ಎಂಬ ಹೆಸರಿನಿಂದ ಪಟ್ಟವೇರಿದಾಗ ಕೋಟೆ ಅರಸೊತ್ತಿಗೆಗೆ ಸೇರಿತು. ಅವನು ತನ್ನ ಎಳೆಯ ಮಗನನ್ನು 1473ರಲ್ಲಿ ಇಲ್ಲಿಗೆ ಕಳಿಸಿದನು. ಆ ಹುಡುಗ ಇಲ್ಲಿಯೇ ಬೆಳೆದನು. 1483ರ ಏಪ್ರಿಲಿನಲ್ಲಿ ತಂದೆ ಸತ್ತ ಸುದ್ದಿ ಬಂದಾಗ ಪಟ್ಟವೇರಲೆಂದು ಲಂಡನ್ನಿಗೆ ಹೊರಟ ಹನ್ನೆರಡು ವರ್ಷದ ಅವನು ಮರಳಲಿಲ್ಲ. ಲಂಡನ್ ಗೋಪುರದಲ್ಲಿ ತಮ್ಮನೊಡನೆ ಕಣ್ಮರೆಯಾದ ರಾಜಕುಮಾರ ಅವನೇ. ಮುಂದೆ ಏಳನೆಯ ಹೆನ್ರಿಯ ಹಿರಿಯ ಮಗ ಆರ್ಥರ್ ತನ್ನ ನವವಧು ಆರಗಾನ್‌ನ ಕ್ಯಾಥರಿನ್‌ಳೊಡನೆ ಇಲ್ಲಿಗೆ ಬಂದನು. 1502ರ ಏಪ್ರಿಲ್ 2ರಂದು ಇಲ್ಲಿಯೇ ತೀರಿಕೊಂಡನು. ಅವನ ವಿಧವೆ ಅವನ ತಮ್ಮ ಎಂಟನೆಯ ಹೆನ್ರಿಯನ್ನು ಮದುವೆಯಾದಳು. ಆ ಮದುವೆಯ ಸಿಂಧುತ್ವದ ಪ್ರಶ್ನೆಯಿಂದಲೇ ಇಂಗ್ಲೆಂಡಿನ ಚರ್ಚು ರೋಮಿನಿಂದ ಬೇರ್ಪಟ್ಟಿತು. ಈ ಸಣ್ಣ ಊರಿನ ಒಂದು ಕೋಣೆಯ ಸಾವು ಒಂದು ದೇಶದ ಮತಚರಿತ್ರೆಯನ್ನು ತಿರುಗಿಸಿತು.

ವೇಲ್ಸ್ ಮತ್ತು ಗಡಿನಾಡನ್ನು ಆಳುತ್ತಿದ್ದ ಮಂಡಲಿಯ ಕಚೇರಿ ಇದೇ ಕೋಟೆಯಲ್ಲಿತ್ತು. ಅದರ ಅಧ್ಯಕ್ಷನಾಗಿದ್ದ ಬ್ರಿಜ್‌ವಾಟರ್ ಅರ್ಲ್‌ನ ಗೌರವಾರ್ಥವಾಗಿ 1634ರ ಸೆಪ್ಟೆಂಬರ್ 29ರ ಇರುಳು ಕೋಟೆಯ ಸಭಾಂಗಣದಲ್ಲಿ ಒಂದು 'ಮಾಸ್ಕ್', ಎಂದರೆ ಗೀತ, ನೃತ್ಯ, ವೇಷಗಳ ದರ್ಬಾರು ನಾಟಕ, ನಡೆಯಿತು. ಬರೆದವನು ಆಗ ಇಪ್ಪತ್ತೈದು ವರ್ಷದ ಜಾನ್ ಮಿಲ್ಟನ್. ಸಂಗೀತ ಹೆನ್ರಿ ಲಾಸ್‌ನದು. ಅರ್ಲ್‌ನ ಮಗಳೂ ಇಬ್ಬರು ಗಂಡುಮಕ್ಕಳೂ ತಾವೇ ಪಾತ್ರ ವಹಿಸಿದರು. ತಂದೆಯ ಮನೆಗೆ ಹೊರಟ ಒಬ್ಬ ಕನ್ಯೆ ಇರುಳಿನ ಕಾಡಿನಲ್ಲಿ ದಾರಿತಪ್ಪುವುದು, ಕೋಮಸ್ ಎಂಬ ಮಾಂತ್ರಿಕ ಅವಳನ್ನು ಭೋಗಕ್ಕೆ ಪ್ರಲೋಭಿಸುವುದು, ಅವಳು ಮಣಿಯದಿರುವುದು, ಕೊನೆಗೆ ಸೆವೆರ್ನ್ ನದಿಯ ದೇವತೆ ಬಂದು ಬಿಡಿಸುವುದು ಇದರ ವಸ್ತು. 'ಕೋಮಸ್' ಎಂಬ ಹೆಸರು ನಂತರದವರು ಇಟ್ಟದ್ದು. ಮುದ್ರಣದಲ್ಲಿ ಅದು ಲಡ್ಲೊ ಕೋಟೆಯಲ್ಲಿ ಆಡಿದ ಮಾಸ್ಕ್ ಎಂದೇ ಬಂತು. ಊರಿನ ಹೆಸರು ಹೀಗೆ ಇಂಗ್ಲಿಷ್ ಸಾಹಿತ್ಯಚರಿತ್ರೆಯೊಳಗೆ ಬಂದಿತು. ಸಂಯಮವನ್ನು ಹೊಗಳುವ ಈ ಕಾವ್ಯ ವೈಭವ ಪ್ರದರ್ಶನದ ಸಮಾರಂಭವೊಂದಕ್ಕಾಗಿ ಹುಟ್ಟಿದ್ದು ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

1689ರಲ್ಲಿ ಆ ಮಂಡಲಿಯನ್ನು ರದ್ದುಪಡಿಸಿದರು. ಅಧಿಕಾರ ಹೊರಟುಹೋದ ಮೇಲೆ ಕೋಟೆಗೆ ಯಾವ ಕೆಲಸವೂ ಉಳಿಯಲಿಲ್ಲ. ಸೀಸದ ಮಾಡು ಕಿತ್ತುಹೋಯಿತು, ಮಳೆ ಒಳಗಿಳಿಯಿತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಡೇನಿಯಲ್ ಡೆಫೊ ತನ್ನ ಪ್ರವಾಸಗ್ರಂಥದಲ್ಲಿ ಈ ಅವನತಿಯನ್ನು ಚಿತ್ರಿಸಿದ್ದಾನೆ. ಆದರೆ ಅದೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷರ ಅಭಿರುಚಿ ಬದಲಾಯಿತು. ಪಾಳುಗೋಡೆ, ಬಳ್ಳಿ, ನದಿ, ಮಬ್ಬುಬೆಳಕು ಇವು ರಮಣೀಯವೆನಿಸತೊಡಗಿದವು. ಕೋಟೆಯನ್ನು ಅರಸೊತ್ತಿಗೆಯಿಂದ ಗುತ್ತಿಗೆಗೆ ಪಡೆದಿದ್ದ ಪೊವಿಸ್ ಅರ್ಲ್ ಮನೆತನ 1770ರ ದಶಕದಲ್ಲಿ ಬಂಡೆಯ ಸುತ್ತ ಸಾರ್ವಜನಿಕ ಕಾಲುದಾರಿಗಳನ್ನು ಮಾಡಿಸಿ ಮರಗಳನ್ನು ನೆಡಿಸಿತು. ಆಳುವ ತಾಣ ನೋಡುವ ತಾಣವಾಯಿತು. ಇಂದಿನ ಪ್ರವಾಸಿ ನಡೆಯುವುದು ಆ ದಾರಿಗಳಲ್ಲಿಯೇ.

ಈ ಘಟ್ಟದಲ್ಲಿ ಲಡ್ಲೊದ ಕಥೆ ಭಾರತದ ಕಡೆಗೆ ತಿರುಗುತ್ತದೆ. ಶ್ರಾಪ್‌ಷೈರಿನಲ್ಲಿಯೇ ಹುಟ್ಟಿದ ರಾಬರ್ಟ್ ಕ್ಲೈವ್ ಬಂಗಾಳದಲ್ಲಿ ಗಳಿಸಿದ ಅಪಾರ ಧನದಿಂದ ತನ್ನ ಜಿಲ್ಲೆಯಲ್ಲಿ ಎಸ್ಟೇಟುಗಳನ್ನು ಕೊಳ್ಳತೊಡಗಿದನು. ಲಡ್ಲೊದಿಂದ ಕೂಗಳತೆಗೆ ತುಸು ಆಚೆಗಿರುವ ಓಕ್ಲಿ ಪಾರ್ಕ್ ಅವುಗಳಲ್ಲೊಂದು. ಅದನ್ನು ಕೊಂಡದ್ದು ಪೊವಿಸ್ ಅರ್ಲ್‌ನಿಂದಲೇ. 1774ರಲ್ಲಿ ಅವನು ಸತ್ತ ಮೇಲೆ ಮಗ ಎಡ್ವರ್ಡ್ ಕ್ಲೈವ್ ಉತ್ತರಾಧಿಕಾರಿಯಾದನು; ಅದೇ ವರ್ಷದಿಂದ ಎರಡು ದಶಕಗಳ ಕಾಲ ಅವನು ಲಡ್ಲೊವನ್ನು ಪಾರ್ಲಿಮೆಂಟಿನಲ್ಲಿ ಪ್ರತಿನಿಧಿಸಿದನು. 1784ರಲ್ಲಿ ಪೊವಿಸ್ ಮನೆತನದ ಹೆನ್ರಿಯೆಟ್ಟಾಳನ್ನು ಮದುವೆಯಾದನು. ಆಕೆ ಹುಟ್ಟಿದ್ದು ಓಕ್ಲಿ ಪಾರ್ಕಿನಲ್ಲಿ. ಹೆನ್ರಿಯೆಟ್ಟಾಳ ತವರಿನಲ್ಲಿ ಹಳೆಯ ಬಿರುದೂ ಹೊಸ ಸಾಲವೂ ಇದ್ದವು, ಕ್ಲೈವರಲ್ಲಿ ಹೊಸ ಹಣವಿತ್ತು.

1798ರಲ್ಲಿ ಎಡ್ವರ್ಡ್ ಕ್ಲೈವ್ ಮದರಾಸಿನ ಗವರ್ನರನಾಗಿ ಬಂದನು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಹತನಾದಾಗ ಆ ಅಧಿಕಾರದಲ್ಲಿದ್ದವನು ಅವನೇ. ಮರುವರ್ಷ, 1800ರ ಮಾರ್ಚಿನಲ್ಲಿ ಹೆನ್ರಿಯೆಟ್ಟಾ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಆನಾ ಟೊನೆಲಿ ಎಂಬ ಇಟಲಿಯ ಚಿತ್ರಕಾರ್ತಿಯನ್ನೂ ಕರೆದುಕೊಂಡು ಮದರಾಸಿನಿಂದ ದಕ್ಷಿಣ ಭಾರತದ ಪ್ರವಾಸಕ್ಕೆ ಹೊರಟಳು. ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಕಂಡು ಅಕ್ಟೋಬರಿನಲ್ಲಿ ಮರಳಿದಳು. ಆನೆ, ಎತ್ತು, ಪಲ್ಲಕ್ಕಿಗಳ ದೊಡ್ಡ ಪರಿವಾರ; ದಾರಿಯುದ್ದಕ್ಕೂ ಗುಡಾರಗಳ ಬೀಡು. ಪಾರಸಿ ಭಾಷೆಯನ್ನು ಕಲಿಯುತ್ತ, ಗಿಡಗಳನ್ನೂ ಕಲ್ಲುಗಳನ್ನೂ ಕೂಡಿಸುತ್ತ ಸಾಗಿದ ಆಕೆಯ ಬರಹಗಳೂ ಕಿರಿಯ ಮಗಳು ಶಾರ್ಲಟ್‌ಳ ದಿನಚರಿಯೂ ಉಳಿದಿವೆ. ಯುದ್ಧ ಮುಗಿದು ವರ್ಷವೂ ತುಂಬದ ನಾಡಿನಲ್ಲಿ, ಗೆದ್ದವರ ಮನೆಯ ಹೆಂಗಸರು ಗುಡಾರ ಹೂಡಿ ನೋಟ ನೋಡಿದ ಈ ದಾಖಲೆಗಳು ಕರ್ನಾಟಕದ ಚರಿತ್ರೆಯ ವಿದ್ಯಾರ್ಥಿಗಳಿಗೆ ಅಮೂಲ್ಯವಾದ ಆಕರ. ಆ ಶಾರ್ಲಟ್ ಮುಂದೆ ನಾರ್ಥಂಬರ್ಲೆಂಡಿನ ಡಚೆಸ್ ಆಗಿ, ಬಾಲಕಿ ವಿಕ್ಟೋರಿಯಾಳ ಶಿಕ್ಷಣದ ಮೇಲ್ವಿಚಾರಕಿಯಾದಳು. ಭಾರತದ ಸಾಮ್ರಾಜ್ಞಿಯೆನಿಸಲಿದ್ದವಳ ಬಳಿಯಲ್ಲಿ ಮೈಸೂರು ಸೀಮೆಯ ಗುಡಾರಗಳನ್ನು ಕಂಡುಬಂದ ಹೆಣ್ಣೊಬ್ಬಳಿದ್ದಳು.

ಹೆನ್ರಿಯೆಟ್ಟಾಳ ಅಣ್ಣ 1801ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಿದ್ದರಿಂದ 1804ರಲ್ಲಿ ಎಡ್ವರ್ಡ್ ಕ್ಲೈವನಿಗೆ ಪೊವಿಸ್ ಅರ್ಲ್ ಎಂಬ ಬಿರುದು ದೊರೆಯಿತು. 1811ರಲ್ಲಿ ಅವನು ಲಡ್ಲೊ ಕೋಟೆಯನ್ನು ಅರಸೊತ್ತಿಗೆಯಿಂದ ಕೊಂಡನು. ಆ ಹೊತ್ತಿಗೆ ಇಂಗ್ಲಿಷರ ಕೈಸೆರೆಯಲ್ಲಿದ್ದ ನೆಪೋಲಿಯನ್ನನ ತಮ್ಮ ಲೂಸಿಯನ್ ಬೊನಪಾರ್ಟೆಯನ್ನು ಕೋಟೆಯ ಪಕ್ಕದ ಡೈನಮ್ ಹೌಸ್‌ನಲ್ಲಿ ಗೌರವಸೆರೆಯಲ್ಲಿ ಇರಿಸಿದ್ದರೆಂಬುದು ಚರಿತ್ರೆಯ ಒಂದು ವಿಚಿತ್ರ ಸಂಧಿ. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ನೆರವಿನ ಆಶ್ವಾಸನೆಯ ಪತ್ರ ಬರೆದಿದ್ದವನು ಆ ನೆಪೋಲಿಯನ್ನನೇ.

ಲಡ್ಲೊ ಕೋಟೆಯನ್ನು ಮೈಸೂರಿನ ಕೊಳ್ಳೆಯಿಂದ ಕೊಂಡರೆಂದು ಸರಳೀಕರಿಸುವುದು ಸರಿಯಲ್ಲ. ಕ್ಲೈವ್ ಸಂಪತ್ತಿನ ಮೂಲ ಮುಖ್ಯವಾಗಿ ಬಂಗಾಳ. ಆದರೆ ಶ್ರೀರಂಗಪಟ್ಟಣ ಬಿದ್ದಾಗ ಮದರಾಸನ್ನು ಆಳುತ್ತಿದ್ದವನೂ ಲಡ್ಲೊದ ಪಾಳುಕೋಟೆಗೆ ಒಡೆಯನಾದವನೂ ಒಬ್ಬನೇ ಎಂಬುದರಲ್ಲಿ ಸಂದೇಹವಿಲ್ಲ. ಕೋಟೆ ಇಂದಿಗೂ ಆ ವಂಶದವರದೇ. ನಾರ್ಮನ್ನರ ಗಡಿಯುದ್ಧವನ್ನು ವಿವರಿಸುವ ಫಲಕಗಳ ನಡುವೆ ನಡೆಯುವ ಕನ್ನಡಿಗ ಈ ಎರಡನೆಯ ಯುದ್ಧವನ್ನೂ ಮನಸ್ಸಿನಲ್ಲಿ ಇರಿಸಿಕೊಂಡಿರಬೇಕು.

ಅದಕ್ಕೆ ಪ್ರತ್ಯಕ್ಷ ಸಾಕ್ಷಿ ಬೇಕಾದವರು ಲಡ್ಲೊದಿಂದ ವಾಯವ್ಯಕ್ಕೆ, ಗಡಿಯಾಚೆಯ ವೆಲ್ಷ್‌ಪೂಲ್ ಊರಿನ ಪೊವಿಸ್ ಕೋಟೆಗೆ ಹೋಗಬೇಕು. ವಾಹನದಲ್ಲಿ ಸುಮಾರು ಒಂದು ಗಂಟೆಯ ದಾರಿ. ಇಂದು ನ್ಯಾಷನಲ್ ಟ್ರಸ್ಟಿನ ಆಡಳಿತದಲ್ಲಿರುವ ಆ ಕೋಟೆಯಲ್ಲಿ ಕ್ಲೈವ್ ಮನೆತನದ ಭಾರತೀಯ ಸಂಗ್ರಹವಿದೆ. ಟಿಪ್ಪುವಿನ ಸಿಂಹಾಸನವನ್ನು ಅಲಂಕರಿಸಿದ್ದ ಚಿನ್ನದ ಹುಲಿದಲೆಗಳಲ್ಲಿ ಒಂದು ಅಲ್ಲಿದೆ. ಅದಕ್ಕಿಂತಲೂ ಮನಸ್ಸನ್ನು ಹಿಡಿಯುವ ವಸ್ತು ಟಿಪ್ಪುವಿನ ಗುಡಾರ. ಬಿಳಿಯ ಹತ್ತಿಬಟ್ಟೆಯ ಮೇಲೆ ಕಮಾನುಗಳೊಳಗೆ ಹೂದಾನಿ, ಅದರಿಂದ ಚಿಮ್ಮಿದ ಕೆಂಪುಹೂ, ಹಸಿರೆಲೆ; ಅಚ್ಚೊತ್ತಿ, ಕೈಯಿಂದ ಬರೆದು, ಬಣ್ಣದಲ್ಲಿ ಅದ್ದಿದ ಚೀಟಿ ಬಟ್ಟೆಯ ಕೆಲಸ. ವಿದ್ವಾಂಸರು ಅದನ್ನು ಹದಿನೆಂಟನೆಯ ಶತಮಾನದ ಪೂರ್ವಾರ್ಧದ್ದೆಂದು ಗುರುತಿಸುತ್ತಾರೆ. ಎಂದರೆ ಅದು 1782ರಲ್ಲಿ ಪಟ್ಟಕ್ಕೆ ಬಂದ ಟಿಪ್ಪುವಿಗಿಂತಲೂ ಹಳೆಯದು. ಅವನ ಕೈಗೆ ಬರುವ ಮೊದಲೇ ಅದಕ್ಕೊಂದು ಚರಿತ್ರೆಯಿತ್ತು. ಅದನ್ನು ಪೊವಿಸ್‌ಗೆ ತಂದ ಮೇಲೆ ಆ ಮನೆತನದವರು ಉದ್ಯಾನದ ಔತಣಗಳಿಗೆ ಅದನ್ನು ಚಪ್ಪರವಾಗಿ ಬಳಸಿದರು. ದಂಡಯಾತ್ರೆಯ ನಡುವೆ ಅರಸನಿಗೆ ಅರಮನೆಯಾಗಿದ್ದ ಬಟ್ಟೆ, ವೇಲ್ಸ್‌ನ ಹುಲ್ಲಿನ ಮೇಲೆ ಚಹಾ ಕುಡಿಯುವವರಿಗೆ ನೆರಳಾಯಿತು. 2015ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಭಾರತೀಯ ಜವಳಿಯ ಪ್ರದರ್ಶನ ಏರ್ಪಡಿಸಿದಾಗ ಈ ಗುಡಾರವೂ ಅಲ್ಲಿ ನಿಂತಿತು.

ಇಂದಿನ ವಿಹಾರಿಯ ಗುಡಾರಕ್ಕೆ ಬೇರೆಯೇ ವಂಶಾವಳಿಯಿದೆ. 1852ರಲ್ಲಿ ಲಡ್ಲೊಗೆ ರೈಲು ಬಂದು ಸಾಮಾನ್ಯರ ಪ್ರವಾಸಕ್ಕೆ ದಾರಿಯಾಯಿತು. ಶತಮಾನದ ಕೊನೆಗೆ ಬೈಸಿಕಲ್ಲು ಅದನ್ನು ಇನ್ನಷ್ಟು ಅಗ್ಗವಾಗಿಸಿತು. ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ದರ್ಜಿ ಬೈಸಿಕಲ್ಲಿನ ಮೇಲೆ ಹೊರಬಹುದಾದ ಹಗುರವಾದ ಗುಡಾರಗಳನ್ನು ರೂಪಿಸಿದನು. 1901ರಲ್ಲಿ ಅವನ ಪ್ರೇರಣೆಯಿಂದ ಇಂಗ್ಲೆಂಡಿನ ಮೊದಲ ಶಿಬಿರವಿಹಾರಿಗಳ ಸಂಘ ಹುಟ್ಟಿತು. 1908ರಲ್ಲಿ ಅವನ ಕೈಪಿಡಿ ಪ್ರಕಟವಾಯಿತು. ಆನೆ ಹೊರುತ್ತಿದ್ದುದನ್ನು ದರ್ಜಿಯೊಬ್ಬನು ಗುಮಾಸ್ತನ ಹೆಗಲಿಗೆ ಇಳಿಸಿದನು. ಗುಡಾರದ ಚರಿತ್ರೆಯಲ್ಲಿ ಇದು ಸಣ್ಣ ಕ್ರಾಂತಿಯೇ ಸರಿ.

ಹೀಗೆ ಬಂದವರಲ್ಲಿ ಅನೇಕರ ಕೈಯಲ್ಲಿ ಇದ್ದುದು ಎ. ಇ. ಹೌಸ್ಮನ್‌ನ 'ಎ ಶ್ರಾಪ್‌ಷೈರ್ ಲ್ಯಾಡ್' ಎಂಬ ಕವನಸಂಗ್ರಹ. 1896ರಲ್ಲಿ ಬಂದ ಆ ಪುಸ್ತಕದಲ್ಲಿ ಲಡ್ಲೊದ ಗೋಪುರ, ಸಂತೆ, ಸೈನ್ಯಕ್ಕೆ ಸೇರಿ ಸಾಯುವ ಹಳ್ಳಿಯ ಹುಡುಗರು ಮತ್ತೆ ಮತ್ತೆ ಬರುತ್ತಾರೆ. ಹೌಸ್ಮನ್ ಶ್ರಾಪ್‌ಷೈರಿನವನಲ್ಲ, ನೆರೆಯ ವುಸ್ಟರ್‌ಷೈರಿನವನು. ತನ್ನ ಊರಿನಿಂದ ಪಶ್ಚಿಮದ ದಿಗಂತದಲ್ಲಿ ಕಾಣುತ್ತಿದ್ದ ಬೆಟ್ಟಗಳ ಮೇಲೆ ಅವನು ಒಂದು ಕಲ್ಪನೆಯ ನಾಡನ್ನು ಕಟ್ಟಿದನು. 1936ರಲ್ಲಿ ಅವನು ತೀರಿಕೊಂಡಾಗ ಅಸ್ಥಿಯನ್ನು ಸೇಂಟ್ ಲಾರೆನ್ಸ್ ಚರ್ಚಿನ ಉತ್ತರದ ಗೋಡೆಯ ಹೊರಗೆ ಹೂಳಿದರು. ಬದುಕಿನಲ್ಲಿ ಹೆಚ್ಚಾಗಿ ದೂರದಿಂದಲೇ ಕಂಡ ಊರು ಕೊನೆಗೆ ಅವನ ಬೀಡಾಯಿತು.

ಲಡ್ಲೊ ನೋಡುವವರು ಸಾಮಾನ್ಯವಾಗಿ ಕೊನೆಗೆ ಡೈನಮ್ ಸೇತುವೆಯನ್ನು ದಾಟಿ ವಿಟ್‌ಕ್ಲಿಫ್ ಗುಡ್ಡವನ್ನು ಏರುತ್ತಾರೆ. ಕಾಲಡಿಯ ಬಂಡೆಗಳು ನಾನೂರು ದಶಲಕ್ಷ ವರ್ಷಗಳಿಗೂ ಹಿಂದಿನ ಕಡಲಿನ ತಳ. ಭೂವಿಜ್ಞಾನಿಗಳು ಆ ಯುಗಕ್ಕೆ ಇಟ್ಟ ಹೆಸರೂ ಲಡ್ಲೊ ಎಂದೇ. ಎದುರಿಗೆ ನದಿ, ಕೋಟೆ, ಗೋಪುರ, ಹೆಂಚಿನ ಮಾಡುಗಳು; ಆಚೆ ಬಯಲಿನಲ್ಲಿ ಚುಕ್ಕಿಗಳಂತೆ ಗುಡಾರಗಳು. ನೋಟ ಸುಂದರವಾದದ್ದು. ಆ ಸೌಂದರ್ಯ ಕಾಣಿಸಿದ್ದು ಕೋಟೆಯಿಂದ ಅಧಿಕಾರ ಹೋದ ಮೇಲೆ. ಅದನ್ನು ಕಾಪಾಡಿದ ಸಂಪತ್ತಿನಲ್ಲಿ ನಮ್ಮ ದೇಶದ ಪಾಲೂ ಇತ್ತು. ಇದನ್ನು ತಿಳಿದರೆ ಕಣ್ಣಿನ ಸುಖ ಕಡಿಮೆಯಾಗುವುದಿಲ್ಲ. ಅದರ ಲೆಕ್ಕ ಮಾತ್ರ ಸರಿಯಾಗುತ್ತದೆ. ಚರ್ಚಿನ ಪೀಠದಡಿಯ ಮದ್ಯ ಮಾರುವವಳು ಸಂತೆಯವರಿಗೆ ಹೇಳಿದ್ದೂ ಅಳತೆ ಸರಿಯಾಗಿರಲಿ ಎಂಬ ಆ ಮಾತನ್ನೇ. ಚರಿತ್ರೆಯನ್ನು ಓದುವವರಿಗೂ ಅದು ಸಲ್ಲುತ್ತದೆ.